ಪೊರೆ ಬಿಡುವ ಹಾವಿಗೆ ಬೇಕಾದದ್ದು ಏಕಾಂತ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಮದ್ರಸಕ್ಕೆ ಬಂದ ಹುಡುಗನೊಬ್ಬನ ಚೀಲದಲ್ಲಿ ಕಿತಾಬಿನ ಜೊತೆ ಒಂದು ಪ್ಲಾಸ್ಟಿಕ್ ಡಬ್ಬವೂ ಇತ್ತು. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದ. ಒಳಗೆ ಪುಟ್ಟ ಹಾವಿನ ಮರಿ. "ಉಸ್ತಾದ್, ಇದರ ಕಣ್ಣು ಕುರುಡಾಗಿದೆ. ಚರ್ಮ ಸುಲಿದುಕೊಟ್ಟರೆ ಸರಿಯಾಗ್ತದಾ?" ಅಂತ ಕೇಳಿದ. ಗಲ್ಫಿನಲ್ಲಿರುವ ಮಾಮ ಕಳಿಸಿದ ವಿಡಿಯೋದಲ್ಲಿ ಯಾರೋ ಸಾಕಿದ ಹಾವನ್ನು ಕೈಗೆ ಸುತ್ತಿಕೊಂಡದ್ದನ್ನು ನೋಡಿದ್ದನಂತೆ. ಇದು ಅಡಿಕೆ ತೋಟದ ಹಾಳೆ ರಾಶಿಯಲ್ಲಿ ಸಿಕ್ಕಿದ್ದು. "ಕೇರೆ ಮರಿ, ಏನೂ ಮಾಡಲ್ಲ" ಎಂಬ ಧೈರ್ಯ ಬೇರೆ.

ಅದು ಕೇರೆಯೋ ನಾಗರವೋ ನಮಗೂ ತಿಳಿಯಲಿಲ್ಲ. ನಾಗರಹಾವಿನ ಮರಿಗೆ ಮೊಟ್ಟೆ ಒಡೆದು ಬಂದ ದಿನದಿಂದಲೇ ವಿಷ ಇರುತ್ತದೆ. ಮಕ್ಕಳನ್ನು ದೂರ ಕೂರಿಸಿ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು. ಬಂದವರು ಕೇರೆಯೇ ಅಂದರು, ಕೊಂಡೊಯ್ದು ಕಾಡಿಗೆ ಬಿಟ್ಟರು. ಆದರೆ ಹುಡುಗನ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇತ್ತು.

ಮರಿ ಕುರುಡಾಗಿರಲಿಲ್ಲ. ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ, ಕನ್ನಡಕದ ಗಾಜಿನಂಥ ಒಂದು ಹುರುಪೆ ಕಣ್ಣನ್ನು ಮುಚ್ಚಿರುತ್ತದೆ. ಪೊರೆ ಬಿಡುವ ಮೊದಲು ಹಳೆ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿ ಮೈ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿಯಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಆಮೇಲೆ ಹಾವು ಕಲ್ಲಿಗೋ ಬೇರಿಗೋ ಮೂತಿ ಉಜ್ಜುತ್ತದೆ. ತುಟಿಯ ಹತ್ತಿರ ಬಿರಿದ ಪೊರೆ, ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾಗಿ ಬಾಲದವರೆಗೆ ಬಿಟ್ಟುಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಒಂದೆರಡು ವಾರದ ಕೆಲಸ. ಬೇಗ ಬೆಳೆಯುವ ಮರಿಗಳು ಪದೇಪದೇ ಪೊರೆ ಬಿಡುತ್ತವೆ.

ಕಣ್ಣು ಮಂಜಾದ ಆ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣದು. ಹೆಚ್ಚಾಗಿ ಮೇವೂ ಬೇಡ, ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮುಟ್ಟಿದರೆ ಹೆದರಿ ಕಚ್ಚುವುದು ಆಗಲೇ. ಹೊರದೇಶಗಳಲ್ಲಿ ಹಾವು ಸಾಕುವವರೂ ಆ ಹೊತ್ತಿನಲ್ಲಿ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ತೇವದ ಪಾಚಿ ಹಾಕಿದ ಪೆಟ್ಟಿಗೆ, ಕುಡಿಯಲು ನೀರು, ಉಜ್ಜಿಕೊಳ್ಳಲು ಒರಟು ಕಲ್ಲು ಇಟ್ಟು ದೂರ ನಿಲ್ಲುತ್ತಾರೆ. ಗಾಳಿ ಒಣಗಿದ್ದರೆ ಪೊರೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ, ಬಾಲದ ತುದಿಯಲ್ಲಿ ಉಂಗುರದಂತೆ ಉಳಿದರೆ ರಕ್ತ ಓಡುವುದು ನಿಲ್ಲುತ್ತದೆ. ಹಾಗಂತ ಎಳೆದು ಸುಲಿಯಬಾರದು. ಹೊಸ ಚರ್ಮ ಹರಿಯುತ್ತದೆ, ಕಣ್ಣಿನ ಹುರುಪೆ ಕಿತ್ತರೆ ಕಣ್ಣೇ ಹೋಗುತ್ತದೆ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ತೋಟ-ಕಾಡುಗಳಲ್ಲಿ ಈ ತೇವವನ್ನು ಮಳೆಯೇ ಕೊಡುತ್ತದೆ, ನಾವು ಕೊಡಬೇಕಾದ್ದಿಲ್ಲ. ನಮ್ಮ ನಾಡಿನ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ, ದೊಡ್ಡವರಿಗೆ ಜೈಲು, ದಂಡ ಎರಡೂ ಉಂಟು. ಕಾಳಿಂಗ ಇರುವ ನಾಡು ಬೇರೆ ಇದು. 2005ರಲ್ಲಿ ರೊಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಕಾಳಿಂಗನನ್ನು ನಂಬಿಯೇ. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು ತೋರಿಸಿ, ವಿಜ್ಞಾನದ ಹೆಸರಿನಲ್ಲೂ 'ಕಾಳಿಂಗ' ಎಂಬ ನಮ್ಮ ಮಾತನ್ನೇ ಇಟ್ಟರು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಳಿಂಗನಿಗೆ ಅಲ್ಲ.

ಮನೆಯಲ್ಲಿ ಪೊರೆ ಸಿಕ್ಕಿದರೆ ಗಾಬರಿ ಬೇಡ, ಹಾವು ಆಗಲೇ ಹೋಗಿರಬಹುದು. ಪೊರೆಯ ಉದ್ದ ನೋಡಿ ಹಾವಿನ ಗಾತ್ರ ಅಳೆಯಬೇಡಿ, ಕಳಚುವಾಗ ಅದು ಹಿಗ್ಗಿರುತ್ತದೆ. ಸೌದೆ ರಾಶಿ, ಹಾಳೆ ಕಟ್ಟುಗಳನ್ನು ಮನೆಗೋಡೆಯಿಂದ ದೂರ ಇಡಿ, ಇಲಿ ಬಾರದಂತೆ ನೋಡಿ. ಕಾಣದ ಸಂದಿಗೆ ಕೈ ಹಾಕಬೇಡಿ. ಸುಬ್‌ಹ್‌ಗೆ ಹೊರಡುವವರು ಟಾರ್ಚ್, ಚಪ್ಪಲಿ ಮರೆಯಬೇಡಿ. ಹಾವು ಕಂಡರೆ ಹೊಡೆಯದೆ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: "ಮೋನೇ, ಅದಕ್ಕೆ ಸಹಾಯ ಮಾಡಬೇಕೆಂಬ ನಿನ್ನ ಮನಸ್ಸು ಒಳ್ಳೆಯದು. ಅದನ್ನು ಅದರ ಪಾಡಿಗೆ ಬಿಡುವುದೇ ಆ ಸಹಾಯ." ಮೊನ್ನೆ ಅವನು ತೋಟದಲ್ಲಿ ಸಿಕ್ಕ ಒಂದು ಖಾಲಿ ಪೊರೆ ತಂದು ತೋರಿಸಿದ. ತಲೆಯ ಭಾಗದಲ್ಲಿ ಎರಡು ಪುಟ್ಟ ಗಾಜಿನಂಥ ಕಣ್ಣುಗಳು. ಮಕ್ಕಳೆಲ್ಲ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಸಾಲಾಗಿ ಹೋಗಿ ಸೋಪು ಹಾಕಿ ಕೈ ತೊಳೆದರು.