ಹಳೆಯ ಜೀಪಿನ ರಿಪೇರಿ: ಯಾವುದು ಸಹಜ ಖರ್ಚು, ಯಾವುದು ನಷ್ಟ?

ನಮ್ಮ ಕಡೆ ಸಣ್ಣ ಹಿಡುವಳಿದಾರರ ಮನೆಯಲ್ಲಿ ಜೀಪು ಇರುವುದು ಶೋಕಿಗಾಗಿ ಅಲ್ಲ. ಗೊಬ್ಬರದ ಮೂಟೆ ತರಲು, ಹಣ್ಣನ್ನು ಕಣಕ್ಕೆ ಸಾಗಿಸಲು, ಅಡಿಕೆಯನ್ನು ಮಂಡಿಗೆ ಒಯ್ಯಲು, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಮುಟ್ಟಿಸಲು ಅದೇ ಗತಿ. ಮಹೀಂದ್ರ ಕಂಪೆನಿಯವರು 1940ರ ದಶಕದ ಕೊನೆಯಲ್ಲಿ ಈ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಆ ವಂಶದ ಗಾಡಿಗಳು ಇಂದಿಗೂ ನಮ್ಮ ತೋಟದ ದಾರಿಗಳಲ್ಲಿ ಓಡುತ್ತಿವೆ. 2000ದಲ್ಲಿ ಬಂದ ಬೊಲೆರೊ ಕೂಡ ಈಗ ಅನೇಕರ ಮನೆಯಲ್ಲಿ ಹಳೆಯ ಗಾಡಿಯೇ ಆಗಿದೆ.

ಇಂತಹ ಗಾಡಿ ಒಂದೂವರೆ ಲಕ್ಷ, ಎರಡು ಲಕ್ಷ ಕಿಲೋಮೀಟರು ದಾಟಿದ ಮೇಲೆ ಒಂದು ದಿನ ಗ್ಯಾರೇಜಿನಿಂದ ದೊಡ್ಡ ಬಿಲ್ಲು ಬರುತ್ತದೆ. "ಇನ್ನು ಇದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ಮಾರಿಬಿಡೋಣ" ಎಂದು ಮನೆಯಲ್ಲಿ ಮಾತು ಏಳುತ್ತದೆ. ಈ ಲೇಖಕನೂ ಹಾಗೆ ಒಂದು ಬಿಲ್ಲಿಗೆ ಹೆದರಿ ಜೀಪು ಮಾರಿದವನೇ. ಕೊಂಡವರು ಅದೇ ಜೀಪಿನಲ್ಲಿ ಮತ್ತೆ ಏಳು ಕೊಯ್ಲು ಮುಗಿಸಿದರು. ಹೊಸ ಗಾಡಿಯ ಕಂತು ಕಟ್ಟುತ್ತ ನಾವು ಅದನ್ನು ನೋಡುತ್ತಿದ್ದೆವು. ಆದುದರಿಂದ ಬಿಲ್ಲಿನ ಮೊತ್ತಕ್ಕಿಂತ ಮೊದಲು ಅದರ ಸ್ವರೂಪವನ್ನು ನೋಡಬೇಕು.

ಸವೆತವೇ ಬೇರೆ, ಕೊಳೆತವೇ ಬೇರೆ

ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ, ಕಾಫಿಗೆ ಮರಗಸಿ ಮಾಡಿಸುತ್ತೇವೆ. ಇದನ್ನು ಯಾರೂ ನಷ್ಟ ಎನ್ನುವುದಿಲ್ಲ. ಟೈರು, ಬ್ಯಾಟರಿ, ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಸ್ಪ್ರಿಂಗ್ ಪಟ್ಟಿ, ಬುಷ್, ಜಾಯಿಂಟ್ ಕ್ರಾಸ್, ರೇಡಿಯೇಟರ್ ಹೋಸ್ ಇವೆಲ್ಲ ಅಂತಹ ಖರ್ಚುಗಳು. ಸವೆಯುವುದಕ್ಕೆಂದೇ ಇರುವ ಭಾಗಗಳು ಸವೆದರೆ ಗಾಡಿ ಕೆಟ್ಟಿತೆಂದು ಅರ್ಥವಲ್ಲ.

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಮಾತು ಬೇರೆ. ಅದಕ್ಕೆ ಎಷ್ಟು ಗೊಬ್ಬರ ಹಾಕಿದರೂ ಕೊನೆಗೆ ಕಿತ್ತು ಸುಡುವುದೇ ದಾರಿ. ಚಾಸಿಸ್ ತುಕ್ಕು ಹಿಡಿದು ಬಿರುಕು ಬಿಡುವುದು, ಬೆಸುಗೆ ಹಾಕಿದ ಪಕ್ಕದಲ್ಲೇ ಮತ್ತೆ ಸೀಳುವುದು, ಹೆಡ್ ಗ್ಯಾಸ್ಕೆಟ್ ಬದಲಿಸಿದ ಮೇಲೂ ಇಂಜಿನ್ ಪದೇ ಪದೇ ಕಾಯುವುದು, ಆಯಿಲ್ ತುಂಬುವ ಬಾಯಿಯಿಂದ ದಟ್ಟ ಹೊಗೆ ಉಗುಳುವುದು, ಇವು ಆ ಜಾತಿಯ ಲಕ್ಷಣಗಳು. ಇಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಚಾಸಿಸ್ ಗಟ್ಟಿಯಿದ್ದರೆ ಇಂಜಿನ್ ಕೆಲಸಕ್ಕೆ ಹಣ ಹಾಕುವುದನ್ನು ಯೋಚಿಸಬಹುದು. ಚಾಸಿಸ್ ಹೋದ ಗಾಡಿಗೆ ಹೊಸ ಇಂಜಿನ್ ಕೂರಿಸುವುದು ಜಾಣತನವಲ್ಲ.

ಬಿಲ್ಲನ್ನು ವರ್ಷಗಳಿಗೆ ಹಂಚಿ

ಒಂದು ಲೆಕ್ಕ ನೋಡೋಣ. ಇದು ದರಪಟ್ಟಿಯಲ್ಲ, ಲೆಕ್ಕದ ಕ್ರಮ ಮಾತ್ರ. ಟೈರಿಗೆ 26,000, ಕ್ಲಚ್ಚಿಗೆ 14,000, ರೇಡಿಯೇಟರಿಗೆ 8,000, ಬ್ಯಾಟರಿಗೆ 6,000, ಒಟ್ಟು 54,000 ರೂಪಾಯಿ ಒಂದೇ ವರ್ಷ ಬಂತೆನ್ನಿ. ಟೈರು 4 ವರ್ಷ, ಕ್ಲಚ್ 7 ವರ್ಷ, ರೇಡಿಯೇಟರ್ 8 ವರ್ಷ, ಬ್ಯಾಟರಿ 4 ವರ್ಷ ಬಾಳಿದರೆ ವರ್ಷಕ್ಕೆ ಕ್ರಮವಾಗಿ 6,500, 2,000, 1,000 ಮತ್ತು 1,500, ಅಂದರೆ 11,000 ರೂಪಾಯಿ ಬೀಳುತ್ತದೆ. ವರ್ಷಕ್ಕೆ 9,000 ಕಿಲೋಮೀಟರು ಓಡಿಸುವವರಿಗೆ ಕಿಲೋಮೀಟರಿಗೆ ಸುಮಾರು ಒಂದೂಕಾಲು ರೂಪಾಯಿ. ಇತ್ತ ಹೊಸ ಗಾಡಿಗೆಂದು 8 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ, 5 ವರ್ಷದ ಕಂತಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 65,000 ದಾಟುತ್ತದೆ.

ಆದರೆ ಅದೇ ಕ್ಲಚ್ 2 ವರ್ಷದಲ್ಲಿ ಹೋದರೆ ಅದು ಸಹಜವಲ್ಲ. ಹಾಕಿದ ಭಾಗ ಕಳಪೆಯಿರಬೇಕು, ಕೂರಿಸಿದ ರೀತಿ ತಪ್ಪಿರಬೇಕು, ಇಲ್ಲವೇ ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸ ಓಡಿಸುವವರಿಗೆ ಇರಬೇಕು.

ಮಲೆನಾಡಿನ ಕಿಲೋಮೀಟರು

ಕಡೂರು ಬಯಲಿನ ಒಂದು ಲಕ್ಷ ಕಿಲೋಮೀಟರೂ ಕಳಸದ ಒಂದು ಲಕ್ಷವೂ ಒಂದೇ ಅಲ್ಲ. ಎರಡನೇ ಗೇರಿನಲ್ಲಿ ಹತ್ತುವಾಗ ಇಂಜಿನ್ ಪ್ರತಿ ಕಿಲೋಮೀಟರಿಗೆ ಟಾಪ್ ಗೇರಿಗಿಂತ ಸುಮಾರು ಎರಡು ಪಟ್ಟು ಸುತ್ತು ತಿರುಗುತ್ತದೆ. ಆದುದರಿಂದ ಇಂಜಿನ್ ಆಯಿಲನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ಬದಲಿಸುವುದು ಲಾಭ. ಹಳ್ಳ ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಿಸಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಿರಿ. ಆಗ ಆಯಿಲ್ ಬದಲಿಸುವ ಸಣ್ಣ ಖರ್ಚಿಗೆ ಹಿಂಜರಿದರೆ ಮುಂದೆ ಬೇರಿಂಗ್, ಕ್ರೌನ್ ಎಂದು ಹತ್ತಾರು ಪಟ್ಟು ತೆರಬೇಕಾದೀತು.

ಮುಂದೂಡಬಾರದ ಕೆಲಸ

ಪೇಂಟು, ಟಾರ್ಪಾಲು, ಸೀಟಿನ ಹೊದಿಕೆ ಇವನ್ನು ಬೆಲೆ ಚೆನ್ನಾಗಿ ಬಂದ ವರ್ಷಕ್ಕೆ ಬಿಡಬಹುದು. ಬ್ರೇಕು, ಸ್ಟೇರಿಂಗು, ಟೈರುಗಳನ್ನು ಒಂದು ವಾರವೂ ಮುಂದೂಡಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲ್ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಬಿಸಿಗೆ ಕುದಿದು ಆವಿಯಾಗಿ ಪೆಡಲು ನೆಲಕ್ಕೆ ಹೋಗಬಹುದು. ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಿ. ಇಳಿಜಾರಿನಲ್ಲಿ ಕೆಳಗಿನ ಗೇರನ್ನೇ ಬಳಸಿ. ಜೀಪಿನಲ್ಲಿ ನಮ್ಮ ಜೊತೆಗೆ ನಮ್ಮನ್ನು ನಂಬಿ ಕುಳಿತವರೂ ಇರುತ್ತಾರೆ ಎಂಬುದನ್ನು ಮರೆಯಬಾರದು.

ನೋಂದಣಿಯ ಖರ್ಚನ್ನೂ ಸೇರಿಸಿ

ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರು, ಜೀಪುಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಈಗಿನ ದರವನ್ನು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಕೊಂಡು, ದೊಡ್ಡ ರಿಪೇರಿಗೆ ಕೈಹಾಕುವ ಮೊದಲೇ ಈ ಖರ್ಚನ್ನೂ ಲೆಕ್ಕಕ್ಕೆ ತನ್ನಿ.

ಗ್ಯಾರೇಜಿನಲ್ಲಿ

ಕೆಲಸ ಶುರುವಾಗುವ ಮುನ್ನ ಅಂದಾಜು ಬರೆಸಿಕೊಳ್ಳಿ. ಬಿಡಿಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ಬೇರೆ ಬೇರೆ ಕೇಳಿ. ಬಿಚ್ಚಿದ ಹಳೆಯ ಭಾಗವನ್ನು ವಾಪಸು ತನ್ನಿ. ಇದು ಅನುಮಾನದ ಮಾತಲ್ಲ, ವ್ಯವಹಾರದ ಕ್ರಮ. ಬಿಲ್ಲಿನ ಮೇಲೆ ಅಂದಿನ ಕಿಲೋಮೀಟರು ಬರೆಸಲು ಮರೆಯಬೇಡಿ. ದೊಡ್ಡ ಕೆಲಸಗಳನ್ನು ಗೌರಿ ಹಬ್ಬದ ಆಸುಪಾಸಿನಲ್ಲಿ ಮುಗಿಸಿಕೊಂಡರೆ ಕೊಯ್ಲಿನ ನಡುವೆ ಗಾಡಿ ನಿಲ್ಲುವ ಪ್ರಸಂಗ ಕಡಿಮೆ.

ಕೊನೆಯದಾಗಿ, ತೋಟದ ಲೆಕ್ಕದ ಪುಸ್ತಕದಲ್ಲಿ ಜೀಪಿಗೂ ಎರಡು ಹಾಳೆ ಬಿಡಿ. ತಾರೀಖು, ಕಿಲೋಮೀಟರು, ಹಾಕಿಸಿದ ಭಾಗ, ಕೊಟ್ಟ ಹಣ ಇಷ್ಟು ಬರೆದರೆ ಸಾಕು. ಪ್ರತಿ ವರ್ಷ ಆಯುಧಪೂಜೆಗೆ ಗಾಡಿ ತೊಳೆದ ದಿನ ಆ ಹಾಳೆಗಳನ್ನು ಒಮ್ಮೆ ಓದಿ. ಬೇರೆ ಬೇರೆ ಭಾಗಗಳು ತಮ್ಮ ಆಯುಸ್ಸು ಮುಗಿಸಿ ಹೋಗಿದ್ದರೆ ಗಾಡಿ ಇನ್ನೂ ನಿಮ್ಮದೇ. ಒಂದೇ ಭಾಗಕ್ಕೆ ಮತ್ತೆ ಮತ್ತೆ ಹಣ ಬಿದ್ದಿದ್ದರೆ ಮಾರುವ ಮಾತನ್ನು ಆಗ ಆಡಬಹುದು.