ನಾಯಿಯ ಕಿವಿ ಮತ್ತೆ ಮತ್ತೆ ಸೋರುತ್ತಿದೆಯೆ?

ಎನ್. ಬೇಗೂರಿನ ಕಡೆ ಬಂಡೀಪುರ ಕಾಡಿನ ಅಂಚಿನಲ್ಲಿ ತೋಟ, ಹೊಲ ಮಾಡುವವರಿಗೆ ನಾಯಿಯ ಕಿವಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಂದಿ ಬೇಲಿ ನುಗ್ಗಿದ್ದು, ಆನೆ ಹತ್ತಿರ ಬಂದದ್ದು ನಮಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಆ ಕಿವಿಯೇ ಕೀವುಗಟ್ಟಿ ಮಂದವಾದರೆ ರಾತ್ರಿಯ ಕಾವಲು ಅರ್ಧ ಹೋದಂತೆ.

ನಾಯಿ ತಲೆ ಕೊಡವುತ್ತದೆ, ಕಿವಿ ಕೆರೆಯುತ್ತದೆ, ದುರ್ವಾಸನೆ ಬರುತ್ತದೆ. ಮನೆಯಲ್ಲಿ ಉಳಿದಿದ್ದ ಹನಿ ಔಷಧಿಯನ್ನು ನಾಲ್ಕು ದಿನ ಹಾಕುತ್ತೇವೆ, ಕಡಿಮೆಯಾಯಿತೆಂದು ನಿಲ್ಲಿಸುತ್ತೇವೆ. ಕೆಲವು ವಾರಗಳಲ್ಲಿ ಮತ್ತೆ ಅದೇ ಪಾಡು. ನೀರು ನಿಂತ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯದೆ ಅಣಬೆ ರೋಗಕ್ಕೆ ಔಷಧಿ ಮಾತ್ರ ಹಾಕಿದಂತೆ ಇದು. ಮೂಲ ಕಾರಣ ಹಾಗೆಯೇ ಉಳಿದಿರುತ್ತದೆ.

ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಒಳಗೆ ಸೇರಿದ ತೇವ ಬೇಗ ಆರುವುದಿಲ್ಲ. ಅಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದರೆ ಅವಕ್ಕೆ ದಾರಿ ಮಾಡಿಕೊಡುವುದು ಬೇರೆಯೇ:

1. ಅಲರ್ಜಿ. ಪದೇ ಪದೇ ಬರುವ ಕಿವಿನೋವಿಗೆ ಇದು ಮುಖ್ಯ ಕಾರಣ. ಇಂಥ ನಾಯಿ ಪಾದ ನೆಕ್ಕುತ್ತದೆ, ಮೈ ಕೆರೆಯುತ್ತದೆ.
2. ಕಿವಿ ನುಸಿ. ಕಾಫಿ ಚರಟದಂಥ ಕಪ್ಪು ಪುಡಿ ಕಾಣುತ್ತದೆ. ಮನೆಯ ಬೆಕ್ಕು, ನಾಯಿಗಳಿಗೆಲ್ಲ ಒಟ್ಟಿಗೆ ಚಿಕಿತ್ಸೆ ಆಗಬೇಕು.
3. ಹುಲ್ಲಿನ ಬೀಜ, ಉಣ್ಣೆ. ಒಂದೇ ಕಿವಿಯಲ್ಲಿ ಥಟ್ಟನೆ ತೊಂದರೆ ಶುರುವಾದರೆ ಇವುಗಳ ಸಂಶಯ ಪಡಬೇಕು.
4. ನೀರು. ಕೆರೆ, ಹಿನ್ನೀರಿಗೆ ಇಳಿದು ಬಂದ ನಾಯಿಯ ಕಿವಿಯನ್ನು ಒಣಬಟ್ಟೆಯಿಂದ ಒರೆಸಿರಿ.

ಪಶುವೈದ್ಯರು ಕಿವಿಯ ಕೊಳೆಯನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಔಷಧಿ ಬೇಕೆಂದು ತಿಳಿಯುತ್ತದೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ಹನಿಗಳಿಂದಲೇ ಕಿವುಡು ಬರಬಹುದು. ಆದ್ದರಿಂದ ಹಳೆಯ ಸೀಸೆ, ಮನುಷ್ಯರ ಹನಿ, ಕಾಯಿಸಿದ ಎಣ್ಣೆ, ಸೀಮೆಎಣ್ಣೆ ಯಾವುದನ್ನೂ ಹಾಕಬೇಡಿ.

ವೈದ್ಯರು ಕೊಟ್ಟ ತೊಳೆಯುವ ದ್ರವವನ್ನು ಕಿವಿಗೆ ತುಂಬಿ, ಬುಡವನ್ನು ಮೆಲ್ಲಗೆ ಉಜ್ಜಿರಿ. ನಾಯಿ ತಲೆ ಕೊಡವಲಿ. ಹೊರಬಂದ ಕೊಳೆಯನ್ನಷ್ಟೇ ಹತ್ತಿಯಿಂದ ಒರೆಸಿರಿ, ಕಡ್ಡಿ ತೂರಿಸಬಾರದು. ನೋವಿರುವ ನಾಯಿ ಯಜಮಾನನನ್ನೂ ಕಚ್ಚೀತು, ಬಾಯಿಗೆ ಪಟ್ಟಿ ಕಟ್ಟಿಕೊಳ್ಳಿರಿ. ವಾಸನೆ ಹೋಯಿತೆಂದು ಔಷಧಿಯನ್ನು ಅರ್ಧಕ್ಕೆ ಬಿಡದೆ, ಹೇಳಿದಷ್ಟು ದಿನ ಹಾಕಿ, ಮತ್ತೊಮ್ಮೆ ತೋರಿಸಿರಿ.

ತಲೆ ಒಂದೇ ಕಡೆ ವಾಲಿದರೆ, ನಡಿಗೆ ತೂರಾಡಿದರೆ, ಕಿವಿಯ ಹಾಳೆ ಊದಿಕೊಂಡರೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ವರ್ಷಗಟ್ಟಲೆ ಬಿಟ್ಟರೆ ನಾಳ ದಪ್ಪಗಾಗಿ ಮುಚ್ಚಿಹೋಗುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ, ಮೂಸಿ ನೋಡಿರಿ. ನಮಗಾಗಿ ರಾತ್ರಿಯಿಡೀ ಕಿವಿಗೊಡುವ ಪ್ರಾಣಿಗೆ ಅಷ್ಟು ಮಾಡುವುದು ಹೆಚ್ಚಲ್ಲ.