ಅಮ್ಮನ ಲಿವರ್, ನನ್ನ ಜೀನ್

"ನನ್ನಿಂದ ನಿನಗೂ ಇದು ಬಂದ್ರೆ ಏನೇ ಗತಿ?"

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ತನಗೇನಾಗುತ್ತೆ ಅಂತ ಅವಳು ಕೇಳಲೇ ಇಲ್ಲ.

ಹಾಸನದಲ್ಲಿದ್ದ ಅಮ್ಮನಿಗೆ ಎರಡು ಮೂರು ತಿಂಗಳಿಂದ ಸುಸ್ತು, ಕೀಲು ನೋವು. ಊಟ ಸೇರುತ್ತಿರಲಿಲ್ಲ. "ವಯಸ್ಸಾಯ್ತಲ್ಲ" ಅಂತ ನಾವೂ ಸುಮ್ಮನಿದ್ದೆವು. ಕಣ್ಣು ಹಳದಿಯಾದಾಗ ಪಕ್ಕದ ಮನೆಯವರು ಕಾಮಾಲೆಗೆ ನಾಟಿ ಔಷಧಿ ಕೊಡುವವರ ವಿಳಾಸ ಬರೆದುಕೊಟ್ಟರು. ನಾನು ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಬಂದೆ. ಟೆಸ್ಟ್ ಮಾಡಿಸಿದರೆ ಹೆಪಟೈಟಿಸ್ ವೈರಸ್ ಯಾವುದೂ ಇಲ್ಲ. ಕುಡಿತದಿಂದ ಬಂತಾ ಅಂದರೆ, ಅಮ್ಮ ಕುಡಿಯುವುದು ಫಿಲ್ಟರ್ ಕಾಫಿ ಮಾತ್ರ! ಆದರೆ ಎಸ್‌ಜಿಪಿಟಿ ವಿಪರೀತ ಏರಿತ್ತು, ಐಜಿಜಿ ಜಾಸ್ತಿ ಇತ್ತು, ಎಎನ್‌ಎ ಪಾಸಿಟಿವ್. ಡಾಕ್ಟರ್ ಹೇಳಿದ ಹೆಸರು ಆಟೋಇಮ್ಯೂನ್ ಹೆಪಟೈಟಿಸ್. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಲಿವರ್‌ನ ಜೀವಕೋಶಗಳನ್ನು ಶತ್ರು ಅಂದುಕೊಂಡು ಹೊಡೆಯುವ ಖಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಅಮ್ಮನ ಪ್ರಶ್ನೆ ನನ್ನ ತಲೆಯಲ್ಲೇ ಕೂತಿತು. ಚಿಕ್ಕಮ್ಮನಿಗೆ ಥೈರಾಯ್ಡ್, ಅದೂ ಆಟೋಇಮ್ಯೂನ್. ಮನೆಯ ರಕ್ತದಲ್ಲೇ ಏನೋ ಇದೆ ಅನ್ನಿಸಿತು. ಆ ರಾತ್ರಿ ಫೋನಿನಲ್ಲಿ ಜೀನ್ ಟೆಸ್ಟ್ ಕಿಟ್ ಒಂದನ್ನು ಆರ್ಡರ್ ಮಾಡಲು ಹೊರಟಿದ್ದೆ. ದುಡ್ಡು ಕಟ್ಟುವ ಮೊದಲು ಸ್ವಲ್ಪ ಓದೋಣ ಅಂತ ಕೂತೆ.

ನಮ್ಮ ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ಆಫೀಸ್ ಗೇಟಿನಲ್ಲಿ ಬ್ಯಾಗಿನ ಸಾಮಾನನ್ನು ಟ್ರೇಗೆ ಹಾಕಿ ತೋರಿಸುತ್ತೇವಲ್ಲ, ಹಾಗೆ ಜೀವಕೋಶಗಳು ಪ್ರೋಟೀನ್ ಚೂರುಗಳನ್ನು ಕಾವಲಿನ ಟಿ ಕೋಶಗಳಿಗೆ ತೋರಿಸುತ್ತವೆ. ಎಚ್‌ಎಲ್‌ಎ ಆ ಟ್ರೇ ಇದ್ದಂತೆ. ಒಬ್ಬೊಬ್ಬರ ಟ್ರೇ ಒಂದೊಂದು ಆಕಾರ. ಕೆಲವು ಆಕಾರದ ಟ್ರೇಗಳಲ್ಲಿ ನಮ್ಮದೇ ಚೂರು ಪರಕೀಯದಂತೆ ಕಾಣಬಹುದು ಅನ್ನುವುದು ವಿಜ್ಞಾನಿಗಳ ವಿವರಣೆ. ಉತ್ತರ ಯೂರೋಪಿನ ರೋಗಿಗಳಲ್ಲಿ ಡಿಆರ್3 ಮತ್ತು ಡಿಆರ್4 ಎಂಬ ಬಗೆಗಳು ಹೆಚ್ಚು, ಜಪಾನಿನಲ್ಲಿ ಡಿಆರ್4ರದೇ ಇನ್ನೊಂದು ಉಪಬಗೆ, ದಕ್ಷಿಣ ಅಮೆರಿಕದ ಮಕ್ಕಳಲ್ಲಿ ಡಿಆರ್13.

ಅಂದರೆ ಜೀನ್‌ಗೂ ಖಾಯಿಲೆಗೂ ಸಂಬಂಧ ಇರೋದು ನಿಜ. ಆದರೆ ಇದೇ ಡಿಆರ್3, ಡಿಆರ್4 ಇಟ್ಟುಕೊಂಡು ಆರಾಮಾಗಿ ಬದುಕುವವರೇ ಬಹುಪಾಲು ಜನ. ಯೂರೋಪಿನಲ್ಲಿ ಈ ಖಾಯಿಲೆ ಇರುವುದು ಲಕ್ಷಕ್ಕೆ ಸುಮಾರು 10ರಿಂದ 25 ಜನರಿಗೆ ಮಾತ್ರ. ಹಾಗಾಗಿ ಕಿಟ್‌ನಲ್ಲಿ "ಪಾಸಿಟಿವ್" ಬಂದರೂ ನನಗೆ ಸಿಗುತ್ತಿದ್ದುದು ಉತ್ತರವಲ್ಲ, ಇನ್ನೊಂದಿಷ್ಟು ಭಯ.

ಅಮ್ಮನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ. ರೋಗಿಗಳ ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರಿಗೆ ಈ ಖಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಐದು ಪಟ್ಟು. ಓದಿ ಎದೆ ಧಸಕ್ಕೆಂದಿತು. ಮುಂದಿನ ಸಾಲು ಓದಿದೆ: 10 ವರ್ಷದಲ್ಲಿ ಖಾಯಿಲೆ ಬರುವುದು ಅಂಥ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ. ಬಹಳ ಚಿಕ್ಕ ಸಂಖ್ಯೆಯನ್ನು ಐದರಿಂದ ಗುಣಿಸಿದರೂ ಅದು ಚಿಕ್ಕದೇ.

ಇದೇ ಜಾತಿಯ ಇನ್ನೊಂದು ಲಿವರ್ ಖಾಯಿಲೆ ಪಿಬಿಸಿ. ಅದರಲ್ಲಿ ಜೀನ್‌ನ ಕೈವಾಡ ಇನ್ನೂ ಜೋರು. 2004ರ ಒಂದು ಅಧ್ಯಯನದಲ್ಲಿ ತದ್ರೂಪಿ ಅವಳಿಗಳ ಎಂಟು ಜೋಡಿಗಳಲ್ಲಿ ಐದರಲ್ಲಿ ಇಬ್ಬರಿಗೂ ಖಾಯಿಲೆ ಇತ್ತು. ಉಳಿದ ಮೂರು ಜೋಡಿಗಳಲ್ಲಿ ಒಬ್ಬರಿಗೆ ಬಂದಿತ್ತು, ಅದೇ ಜೀನ್ ಇದ್ದ ಇನ್ನೊಬ್ಬರಿಗೆ ಬಂದಿರಲಿಲ್ಲ. ಜೀನ್ ಒಲೆ ಹೂಡಿಟ್ಟ ಹಾಗೆ. ಬೆಂಕಿ ಹಚ್ಚಲು ಬೇರೆ ಏನೋ ಬೇಕು.

ಆ "ಬೇರೆ ಏನೋ" ಯಾವುದು ಅಂತ ಹೆಚ್ಚಿನವರಲ್ಲಿ ಗೊತ್ತಾಗುವುದೇ ಇಲ್ಲ. ಕೆಲವರಲ್ಲಿ ಮಿನೋಸೈಕ್ಲಿನ್, ನೈಟ್ರೋಫ್ಯುರಾಂಟೋಯಿನ್‌ನಂಥ ಔಷಧಿಗಳು ಕಿಡಿಯಾಗುತ್ತವೆ. ಡಾಕ್ಟರ್ ಅಮ್ಮನನ್ನು "ಕಷಾಯ ಏನಾದ್ರೂ ಕುಡೀತೀರಾಮ್ಮಾ?" ಅಂತ ಕೇಳಿದ್ದು ಇದಕ್ಕೇ. ಕೋವಿಡ್ ಸಮಯದಿಂದ ನಮ್ಮ ಮನೆಯಲ್ಲಿ ದಿನಾ ಅಮೃತಬಳ್ಳಿ ಕಷಾಯ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ರೋಗಿಗಳ ಬಗ್ಗೆ ಬರೆದರು. ಆಮೇಲೆ ದೇಶದ 13 ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ಅಡಗಿ ಕೂತಿದ್ದ ಆಟೋಇಮ್ಯೂನ್ ಹೆಪಟೈಟಿಸ್ ಇದರಿಂದ ಹೊರಬೀಳಬಹುದು ಅನ್ನುವುದು ವೈದ್ಯರ ಅನುಮಾನ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮ್ಮನ ಖಾಯಿಲೆಗೆ ಕಷಾಯವೇ ಕಾರಣ ಅಂತ ನಮ್ಮ ಡಾಕ್ಟರೂ ಹೇಳಲಿಲ್ಲ. "ನಿಲ್ಲಿಸಿ" ಅಂದರು, ನಿಲ್ಲಿಸಿದೆವು. ನೀವು ಏನು ಕುಡಿದರೂ ಡಾಕ್ಟರಿಂದ ಮುಚ್ಚಿಡಬೇಡಿ. "ಅದು ಬರೀ ಮನೆಮದ್ದು" ಅಂತ ಹೇಳದೇ ಬಿಡುವವರೇ ಜಾಸ್ತಿ.

ತಮಾಷೆ ಅಂದರೆ, ಕೊನೆಗೂ ಒಂದು ಜೀನ್ ಟೆಸ್ಟ್ ಮಾಡಿಸಿದೆವು. ನನಗಲ್ಲ, ಅಮ್ಮನಿಗೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಜೊತೆ ಅಜಥಯೋಪ್ರಿನ್ ಎಂಬ ಮಾತ್ರೆ ಕೊಡುತ್ತಾರೆ. ಟಿಪಿಎಂಟಿ, ಎನ್‌ಯುಡಿಟಿ15 ಜೀನ್‌ಗಳಲ್ಲಿ ಕೆಲವು ವ್ಯತ್ಯಾಸ ಇದ್ದವರಿಗೆ ಈ ಮಾತ್ರೆಯಿಂದ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎರಡನೆಯದರ ವ್ಯತ್ಯಾಸ ಯೂರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲಿ ಹೆಚ್ಚು. ಭವಿಷ್ಯ ಹೇಳುವುದರಲ್ಲಿ ಸೋತ ಜೀನ್ ಟೆಸ್ಟ್, ಮಾತ್ರೆಯ ಡೋಸ್ ಹೇಳುವುದರಲ್ಲಿ ಕೆಲಸಕ್ಕೆ ಬಂತು.

ಅಪಾಯ ಬಂದಿದ್ದು ಬೇರೆ ದಿಕ್ಕಿನಿಂದ. ಸ್ಟೀರಾಯ್ಡ್‌ನಿಂದ ಅಮ್ಮನ ಮುಖ ಊದಿಕೊಂಡಿತು. ಮದುವೆಮನೆಯಲ್ಲಿ ಯಾರೋ "ಆ ಮಾತ್ರೆ ಬಿಟ್ಬಿಡಿ" ಅಂದರಂತೆ. ನಮಗೆ ಹೇಳದೆ ಬಿಟ್ಟೇಬಿಟ್ಟಳು. ಮುಂದಿನ ಟೆಸ್ಟಿನಲ್ಲಿ ಎಸ್‌ಜಿಪಿಟಿ ಮತ್ತೆ ಮೇಲೆ. ಚಿಕಿತ್ಸೆ ತಗೊಂಡರೆ ಹೆಚ್ಚಿನವರು ಚೆನ್ನಾಗಿರುತ್ತಾರೆ, ಬಿಟ್ಟರೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಬಹುದು. ಡಾಕ್ಟರ್ ಗದರಿದ ಮೇಲೆ ಈಗ ಬೆಳಿಗ್ಗೆ ಮಾತ್ರೆ ನುಂಗಿದ ತಕ್ಷಣ ನನಗೊಂದು ವಾಟ್ಸ್‌ಆ್ಯಪ್ ಹಾಕಬೇಕು ಅನ್ನೋದು ನಮ್ಮ ಒಪ್ಪಂದ.

ನನ್ನ ವಿಷಯ ಕೇಳಿದಾಗ ಡಾಕ್ಟರ್, "ಜೀನ್ ಟೆಸ್ಟ್ ಬೇಡ. ಸುಸ್ತು, ಕಾಮಾಲೆ ಕಂಡರೆ ಮನೆಯಲ್ಲಿ ಈ ಖಾಯಿಲೆ ಇದೆ ಅಂತ ಮೊದಲೇ ಹೇಳು. ಅಷ್ಟೂ ಭಯವಿದ್ದರೆ ಒಂದು ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸು" ಅಂದರು. ಮಾಡಿಸಿದೆ. ಎಲ್ಲ ನಾರ್ಮಲ್. ಕೆಲವು ನೂರು ರೂಪಾಯಿಯಲ್ಲಿ ಮುಗಿಯಿತು.

ರಿಪೋರ್ಟ್ ಅಮ್ಮನಿಗೆ ಕಳಿಸಿ, "ನೋಡು, ನಿನ್ನಿಂದ ನನಗೆ ಬಂದಿರೋದು ಮೂಗು ಮಾತ್ರ" ಅಂತ ಬರೆದೆ. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು: "ಸದ್ಯ. ಊಟ ಆಯ್ತಾ?"